ತೂಬಿನ ಬಳಿ ನಿಂತವನು
ಮುಂದಾಳುಗಳನ್ನು ತಯಾರಿಸುವ ತಂಡದಾಟಗಳಿಗೆ ಈಗ ದೇವನಹಳ್ಳಿ ಸುತ್ತಿನ ರೆಸಾರ್ಟುಗಳಿವೆ. ಅದೇ ಸೀಮೆಯಲ್ಲಿ ಹಿಂದೆ ನಾಯಕತ್ವದ ಪಾಠ ಹೇಳುತ್ತಿದ್ದುದು ಕೆರೆ. ಹೂಳೆತ್ತಿ ಹೊಲಕ್ಕೆ ಹೊಡೆಯುವುದು, ಏರಿ ಗಟ್ಟಿಮಾಡುವುದು, ಕಾಲುವೆ ಸವರುವುದು ಒಬ್ಬರಿಂದಾಗುವ ಕೆಲಸವಲ್ಲ. ತೂಬು ತೆರೆಯುವ ಹೊಣೆ ನೀರುಗಂಟಿಯದು; ಅವನ ಕೂಲಿ ಸುಗ್ಗಿಯ ಧಾನ್ಯ. ನೀರು ಕಡಿಮೆಯಾದ ವರ್ಷ ತೂಬಿನ ಪಕ್ಕದ ಗದ್ದೆಯವನನ್ನೂ ಕಾಲುವೆಯ ಕೊನೆಯವನನ್ನೂ ಅವನು ಒಪ್ಪಿಸಬೇಕಿತ್ತು. ಹುಟ್ಟಿನಿಂದ ಬಂದ, ಹಲವೆಡೆ ದಲಿತರ ಪಾಲಿಗೆ ಬಿದ್ದ ಈ ಚಾಕರಿಯಲ್ಲಿ ನಾಯಕತ್ವವೆಲ್ಲಿ ಎಂದು ಕೇಳಬಹುದು. ಆಕ್ಷೇಪ ನ್ಯಾಯವೇ: ನೀರು ಹಂಚಿದ ಕೈಗೆ ಊರಿನ ಜಗಲಿಯಲ್ಲಿ ಸಮಾನ ಜಾಗವಿರಲಿಲ್ಲ. ಆದರೂ ಅವನ ಮಾತು ನಡೆದದ್ದು ಅಂತಸ್ತಿನಿಂದಲ್ಲ, ಹಂಚಿಕೆಯ ಮೇಲಿನ ನಂಬಿಕೆಯಿಂದ. 1911ರ ಮೈಸೂರು ಕೆರೆ ಪಂಚಾಯಿತಿ ಕಾಯಿದೆ ಕೆರೆಯ ಹೊಣೆಗೆ ಸಮಿತಿಗಳನ್ನು ಕಟ್ಟಹೊರಟಿತು. ಕಾಗದದ ಮೇಲೆ ಸಮಿತಿ ಹುಟ್ಟಿಸುವುದೇನೂ ಕಷ್ಟವಲ್ಲ, ಆ ನಂಬಿಕೆ ಹುಟ್ಟಿಸುವುದು ಕಷ್ಟ! ಮುಂದೆ ಕೊಳವೆಬಾವಿ ಬಂತು. ಹಣವಿದ್ದವನಿಗೆ ತನ್ನದೇ ತೂಬು ಸಿಕ್ಕಿತು, ಏರಿಯ ಮೇಲೆ ಕೂಡುವ ಕಾರಣವೇ ಸವೆಯಿತು.