ಡ್ಯಾನಿಷ್ ಓದಿದ ಹೆಣ್ಣುಮಕ್ಕಳು

"ಕನ್ನಡಾ ಓದಿ ಏನ್ ಮಾಡಾಕಿ ನೀ? ಮನ್ಯಾಗ ದಿನಾ ಮಾತಾಡೋದು ಅದನ್ನ ಅಲ್ಲೇನು?"

ಎಂ.ಎ.ಗೆ ಅರ್ಜಿ ತುಂಬಿ ಬಂದ ದಿನ ನನ್ನ ಸೋದರತ್ತೆ ಹೀಗೆ ಕೇಳಿದ್ದರು. ಸಿಟ್ಟಿನಿಂದಲ್ಲ, ಅವಲಕ್ಕಿಗೆ ಒಗ್ಗರಣೆ ಹಾಕುತ್ತ, ನನ್ನ ಕಡೆ ತಿರುಗದೆ ಕೇಳಿದ್ದರು. ಇಂಗ್ಲಿಷ್ ಓದಿದರೆ ಕಾಲೇಜು, ಗಣಿತ ಓದಿದರೆ ಬ್ಯಾಂಕು, ಏನೂ ಓದದಿದ್ದರೆ ಮದುವೆ. ಕನ್ನಡ ಓದಿದರೆ ಏನು ಎಂಬುದು ಅವರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ನನ್ನ ಹತ್ತಿರವೂ ಉತ್ತರವಿರಲಿಲ್ಲ. "ಓದಬೇಕು ಅನಸೇದ ಅತ್ಯಾ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದೆ.

ಆ ಪ್ರಶ್ನೆಗೆ ಸಂಬಂಧಪಟ್ಟ ಒಂದು ಕಥೆ ನನಗೆ ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ. ಅಲ್ಲಿಗೆ ಹೋಗಿದ್ದೆನೆಂದಲ್ಲ, ಪುಸ್ತಕದಲ್ಲಿ ಸಿಕ್ಕಿದ್ದು. ಒಂದು ದಿನ ತರಗತಿಯಲ್ಲಿ ವ್ಯಾಕರಣಗಳ ಪಾಠ ನಡೆದಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು ಎಂದು ಹೇಳಿದ ಗುರುಗಳು, "ಆಗ ಆ ಊರು ಇಂಗ್ಲಿಷರದಲ್ಲ, ಡೆನ್ಮಾರ್ಕಿನ ರಾಜನದು" ಎಂದು ಸೇರಿಸಿದರು. ಡೇನರು ತಮಿಳು ಕರಾವಳಿಯ ತರಂಗಂಬಾಡಿಗೆ 1620ರಲ್ಲಿ, ಸೆರಾಂಪುರಕ್ಕೆ 1755ರಲ್ಲಿ ಬಂದು ವ್ಯಾಪಾರಕ್ಕೆ ಕೂತಿದ್ದರು. 1845ರಲ್ಲಿ ಎರಡನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಮಾರಿ ಹೊರಟುಹೋದರು. ನಮ್ಮ ಭಾಷೆಯ ವ್ಯಾಕರಣಕ್ಕೆ ತಮ್ಮ ಊರಿನಲ್ಲಿ ಅಚ್ಚಿನ ಮನೆ ಇದ್ದ ಈ ಜನ, ತಮ್ಮ ಭಾಷೆಯನ್ನು ಹೇಗೆ ನೋಡಿಕೊಂಡಿದ್ದರು? ಅಂದಿನ ಆ ಕುತೂಹಲ ನನ್ನನ್ನು ಬಹಳ ವರ್ಷ ಬಿಡಲಿಲ್ಲ.

ತಿಳಿದದ್ದು ಆಶ್ಚರ್ಯದ ಸಂಗತಿ. ಕೋಪನ್‌ಹೇಗನ್ ವಿಶ್ವವಿದ್ಯಾಲಯ ಹುಟ್ಟಿದ್ದು 1479ರಲ್ಲಿ. ಆದರೆ ಶತಮಾನಗಳ ಕಾಲ ಅಲ್ಲಿನ ವಿದ್ಯೆಯ ಭಾಷೆ ಲ್ಯಾಟಿನ್. ಡ್ಯಾನಿಷ್ ಎಂದರೆ ಅಡುಗೆಮನೆಯ, ಸಂತೆಯ, ಹೊಲದ ಮಾತು. ನಮ್ಮ ಅತ್ತೆಯ ಮಾತೇ ಸರಿ: ಮನೆಯಲ್ಲಿ ಆಡುವುದನ್ನು ಮಠದಲ್ಲಿ ಏಕೆ ಕಲಿಯಬೇಕು? ತತ್ತ್ವಜ್ಞಾನಿ ಕೀರ್ಕೆಗಾರ್ಡ್ 1841ರಲ್ಲಿ ತನ್ನ ಪ್ರಬಂಧವನ್ನು ಡ್ಯಾನಿಷಿನಲ್ಲಿ ಸಲ್ಲಿಸಲು ರಾಜನಿಗೆ ಅರ್ಜಿ ಹಾಕಿ ಅಪ್ಪಣೆ ಪಡೆಯಬೇಕಾಯಿತು. ಅಪ್ಪಣೆ ಸಿಕ್ಕಿತು, ಆದರೂ ಪಂಡಿತರ ಮುಂದೆ ನಿಂತು ವಾದಿಸುವುದು ಮಾತ್ರ ಲ್ಯಾಟಿನ್ನಿನಲ್ಲೇ ಆಗಬೇಕಿತ್ತು. ಉತ್ತರ ದೇಶಗಳ ಭಾಷೆಗಳಿಗೆಂದು ಆ ವಿಶ್ವವಿದ್ಯಾಲಯದಲ್ಲಿ ಮೊದಲ ಪ್ರಾಧ್ಯಾಪಕರಾಗಿ ಎನ್.ಎಂ. ಪೀಟರ್ಸನ್ ಬಂದದ್ದು 1845ರಲ್ಲಿ. ಅವರು ಸೆರಾಂಪುರ ಮಾರಿದ ವರ್ಷವೂ ಅದೇ!

1864ರ ಯುದ್ಧದಲ್ಲಿ ಪ್ರಷ್ಯಾ, ಆಸ್ಟ್ರಿಯಾಗಳ ಕೈಯಲ್ಲಿ ಸೋತು ಡೆನ್ಮಾರ್ಕ್ ತನ್ನ ನೆಲದ ದೊಡ್ಡ ಪಾಲನ್ನು ಕಳೆದುಕೊಂಡಿತು. ನೆಲ ಹೋದ ಮೇಲೆ ಜನ ಉಳಿದದ್ದನ್ನು ಎದೆಗವಚಿಕೊಳ್ಳುತ್ತಾರೆ. ಭಾಷೆ, ಹಾಡು, ಹಳೆಯ ಕಥೆಗಳಿಗೆ ಬೆಲೆ ಬಂತು. ಶಾಲೆಗಳಲ್ಲಿ ಡ್ಯಾನಿಷ್ ಕಲಿಸಲು ಕಲಿತವರು ಬೇಕಾದರು. 1883ರಲ್ಲಿ ಪ್ರೌಢ ಶಾಲೆಯ ಶಿಕ್ಷಕರಿಗೆಂದೇ ವಿಶ್ವವಿದ್ಯಾಲಯದಲ್ಲಿ ಹೊಸ ಪರೀಕ್ಷೆ ಬಂತು. ಅಂದರೆ ಭಾಷೆಯ ಮೇಲಿನ ಪ್ರೀತಿಗೆ ಒಂದು ಸಂಬಳ ಗೊತ್ತಾಯಿತು.

ಯಾರಿಗೆ ಗೊತ್ತಾಯಿತು? ಗಂಡಸರಿಗೆ. ಹೆಂಗಸರ ಕಥೆ ಬೇರೆ.

1875ರ ರಾಜಾಜ್ಞೆಯೊಂದು ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ನೀಲ್ಸಿನೆ ನೀಲ್ಸೆನ್ ಎಂಬ ಹುಡುಗಿ ಅರ್ಜಿ ಹಾಕಿ ಕೇಳಿದ್ದಕ್ಕೆ ಬಂದ ಆಜ್ಞೆ ಅದು. 1877ರಲ್ಲಿ ಆಕೆ ಒಳಗೆ ಕಾಲಿಟ್ಟಳು, ವೈದ್ಯಳಾದಳು. ಆದರೆ ಆ ಆಜ್ಞೆಯಲ್ಲಿ ಒಂದು ಕೊರತೆ ಇತ್ತು. ಓದಬಹುದು, ಪರೀಕ್ಷೆ ಪಾಸಾಗಬಹುದು. ಸರಕಾರಿ ಹುದ್ದೆಯ ಹಕ್ಕು ಮಾತ್ರ ಇಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದಂತೆ. ವೈದ್ಯೆಯಾದರೆ ಮನೆಯಲ್ಲೇ ಬೋರ್ಡು ಹಾಕಿಕೊಳ್ಳಬಹುದು. ಭಾಷೆ ಓದಿದವಳು ಬೋರ್ಡು ಎಲ್ಲಿ ಹಾಕಬೇಕು?

ಆಗ ಕೈಹಿಡಿದದ್ದು ಹೆಂಗಸರೇ ಕಟ್ಟಿದ ಶಾಲೆಗಳು. ನತಾಲಿ ಸಾಲೆ ಎಂಬಾಕೆ 1850ರ ದಶಕದ ಆರಂಭದಿಂದಲೇ ಕೋಪನ್‌ಹೇಗನ್ನಿನಲ್ಲಿ ಹುಡುಗಿಯರ ಶಾಲೆ ನಡೆಸುತ್ತಿದ್ದರು, ಶಿಕ್ಷಕಿಯರನ್ನೂ ತಯಾರು ಮಾಡುತ್ತಿದ್ದರು. ಮುಂದೆ ಅವರ ಶಾಲೆಯಿಂದಲೇ ಹುಡುಗಿಯರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕೂತರು. ಸರಕಾರ ಕೊಡದ ಕೆಲಸವನ್ನು ಇಂಥ ಖಾಸಗಿ ಶಾಲೆಗಳು ಕೊಟ್ಟವು.

ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದವರು ಲಿಸ್ ಯಾಕಬ್ಸೆನ್. ಹುಟ್ಟಿದ್ದು 1882ರಲ್ಲಿ. 1910ರಲ್ಲಿ ಡ್ಯಾನಿಷ್ ಭಾಷೆಯ ಚರಿತ್ರೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಸರಕಾರಿ ಹುದ್ದೆಗಳಲ್ಲಿ ಹೆಣ್ಣು ಗಂಡಿಗೆ ಸಮಾನ ಅವಕಾಶ ಕೊಡುವ ಕಾಯಿದೆ ಬಂದದ್ದು 1921ರಲ್ಲಿ. ಅಂದರೆ ಈಕೆಯ ಪದವಿಗೂ ಆ ಕಾಯಿದೆಗೂ ನಡುವೆ 11 ವರ್ಷ. ಕಾಯಿದೆ ಬರಲಿ ಎಂದು ಆಕೆ ಕೈಕಟ್ಟಿ ಕೂರಲಿಲ್ಲ. 1911ರಲ್ಲೇ ಡ್ಯಾನಿಷ್ ಭಾಷೆ ಮತ್ತು ಸಾಹಿತ್ಯಕ್ಕೆ ಒಂದು ಸಂಸ್ಥೆ ಹುಟ್ಟುಹಾಕಲು ಮುಂದಾದರು. ಹಳೆಯ ಗ್ರಂಥಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿ ಅಚ್ಚು ಹಾಕುವುದು ಅದರ ಕೆಲಸ. ಆಗ ವೆರ್ನರ್ ದಾಲೆರುಪ್ ಎಂಬ ವಿದ್ವಾಂಸರು ಒಂಟಿಯಾಗಿ ದೊಡ್ಡ ನಿಘಂಟೊಂದಕ್ಕೆ ಕೈಹಾಕಿ ಹಣ್ಣಾಗಿದ್ದರು. ಆ ಭಾರವನ್ನು ಈ ಸಂಸ್ಥೆ 1915ರಲ್ಲಿ ಹೆಗಲಿಗೆ ತೆಗೆದುಕೊಂಡಿತು. ಮೊದಲ ಸಂಪುಟ 1918ರಲ್ಲಿ, ಇಪ್ಪತ್ತೆಂಟನೆಯದು 1956ರಲ್ಲಿ ಹೊರಬಂತು. ಅಷ್ಟು ವರ್ಷ ಎಷ್ಟು ಮಂದಿಗೆ ಅಲ್ಲಿ ಅನ್ನ ಸಿಕ್ಕಿರಬೇಕು, ನೋಡಿ! ಚೀಟಿ ಬರೆಯುವವರು, ಅರ್ಥ ನೋಡುವವರು, ಕರಡು ತಿದ್ದುವವರು. ಕಲ್ಲಿನ ಮೇಲಿನ ಹಳೆಯ ರೂನ್ ಬರಹಗಳ ಮೇಲೂ ಎರಿಕ್ ಮೊಲ್ಟ್‌ಕೆ ಎಂಬುವರ ಜೊತೆ ಸೇರಿ ಈಕೆ ದೊಡ್ಡ ಗ್ರಂಥ ತಂದರು. 1961ರಲ್ಲಿ ತೀರಿಕೊಂಡರು.

ನಾನು ಎರಡು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಆಗ ಸಿಗುತ್ತಿದ್ದ ಹಣ ಬಸ್ಸಿನ ಖರ್ಚಿಗೆ ಸಾಲುತ್ತಿರಲಿಲ್ಲ. "ನಿಮಗೇನ್ರೀ, ಮನೆ ನಡೆಸೋ ಜವಾಬ್ದಾರಿ ಇಲ್ಲ" ಎಂದು ನಗುತ್ತಿದ್ದರು. ಹಾಗಾಗಿ ಲಿಸ್ ಬಾಯಿಯ ನಿಘಂಟಿನ ಸಂಗತಿ ಓದಿದಾಗ ನನ್ನ ಕಣ್ಣು ಮೊದಲು ಹೋದದ್ದು ವಿದ್ವತ್ತಿನ ಕಡೆಗಲ್ಲ, ಆ ಕರಡು ತಿದ್ದುವವರ ಮೇಜಿನ ಕಡೆಗೆ.

ಕಾಯಿದೆ ಬಂದರೂ ಮೇಲಿನ ಮೆಟ್ಟಿಲು ಬೇಗ ಸಿಗಲಿಲ್ಲ. ಡೆನ್ಮಾರ್ಕಿನ ಮೊದಲ ಮಹಿಳಾ ಪ್ರಾಧ್ಯಾಪಕಿ, ಇತಿಹಾಸದ ಅಸ್ಟ್ರಿಡ್ ಫ್ರಿಸ್, ಆ ಕುರ್ಚಿಯಲ್ಲಿ ಕೂತದ್ದು 1946ರಲ್ಲಿ. ಬಾಗಿಲು ತೆರೆದ 71 ವರ್ಷಕ್ಕೆ!

ಇಂದು ಅಲ್ಲಿ ಕೋಪನ್‌ಹೇಗನ್ ಮಾತ್ರವಲ್ಲ, ಆರ್ಹುಸ್, ಓಡೆನ್ಸೆ, ಆಲ್ಬೋರ್ಗ್‌ಗಳಲ್ಲೂ ಡ್ಯಾನಿಷ್ ಓದಬಹುದು. ಮೂರು ವರ್ಷ ಪದವಿ, ಆಮೇಲೆ ಎರಡು ವರ್ಷ ಸ್ನಾತಕೋತ್ತರ. ದೇಶದ ಮಕ್ಕಳಿಗೆ ಶುಲ್ಕವಿಲ್ಲ. ನಮ್ಮ ಪಿ.ಯು.ಸಿ.ಗೆ ಹತ್ತಿರವಾದ ಅವರ ಜಿಮ್ನೇಷಿಯಂನಲ್ಲಿ ಡ್ಯಾನಿಷ್ ಮೂರು ವರ್ಷವೂ ಕಡ್ಡಾಯ. ಆದ್ದರಿಂದ ಅಧ್ಯಾಪಕರ ಕೆಲಸವೇ ಹಳೆಯ ಹೆದ್ದಾರಿ. ಆದರೆ ಅಲ್ಲಿ ಒಂದು ರೂಢಿ ಇದೆ: ಅಧ್ಯಾಪಕರಾಗುವವರು ಡ್ಯಾನಿಷ್ ಜೊತೆಗೆ ಇನ್ನೊಂದು ವಿಷಯವನ್ನೂ, ಇತಿಹಾಸವೋ ಇಂಗ್ಲಿಷೋ, ಓದಿರುತ್ತಾರೆ. ಉಳಿದವರು ಪ್ರಕಾಶನ, ಪತ್ರಿಕೆ, ಗ್ರಂಥಾಲಯ, ಕಚೇರಿಗಳ ಪ್ರಚಾರ ವಿಭಾಗ, ವಲಸೆ ಬಂದವರಿಗೆ ಭಾಷೆ ಕಲಿಸುವ ಶಾಲೆ, ಹೀಗೆ ಹಂಚಿಹೋಗುತ್ತಾರೆ. 1955ರಲ್ಲಿ ಸ್ಥಾಪನೆಯಾದ ಭಾಷಾ ಮಂಡಳಿ ಕಾಗುಣಿತದ ಕೋಶ ಹೊರತರುತ್ತದೆ. 1911ರ ಆ ಸಂಸ್ಥೆ ಇನ್ನೂ ಬದುಕಿದೆ. 2003ರಿಂದ 2005ರೊಳಗೆ ಆರು ಸಂಪುಟಗಳ ಹೊಸ ನಿಘಂಟು ತಂದಿತು.

ಹಾಗೆಂದು ಎಲ್ಲವೂ ಸುಖವಲ್ಲ. 2014ರಲ್ಲಿ ಅಲ್ಲಿನ ಸರಕಾರ, ಓದಿದವರಿಗೆ ಕೆಲಸ ಸಿಗದ ವಿಷಯಗಳ ಸೀಟು ಕಡಿಮೆ ಮಾಡಿತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ಭಾಷೆ, ಕಲೆಗಳ ವಿಭಾಗಗಳಿಗೆ. ಅತ್ತೆಯ ಪ್ರಶ್ನೆ ಅಲ್ಲಿಯೂ ಮಂತ್ರಿಗಳ ಬಾಯಿಂದ ಬಂತು!

ಕಳೆದ ತಿಂಗಳು ಅಣ್ಣನ ಮಗಳು ಬಂದಿದ್ದಳು. ಬಿ.ಎ. ಮುಗಿದಿದೆ. "ಅತ್ಯಾ, ಕನ್ನಡಾ ಎಂ.ಎ. ಮಾಡ್ಲೇನು? ಎಲ್ಲಾರೂ ಬ್ಯಾಡ ಅಂತಾರ." ಈ ಬಾರಿ ಒಗ್ಗರಣೆಯ ಮುಂದೆ ನಿಂತವಳು ನಾನು. ಒಲೆ ಆರಿಸಿ, ಅವಳ ಕಡೆ ತಿರುಗಿ ಕೂತೆ. "ಮಾಡು" ಎಂದು ಸುಮ್ಮನೆ ಹೇಳಿಬಿಡಲು ನನಗೆ ಧೈರ್ಯವಾಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಪೆನ್ಷನ್ ತಿನ್ನುತ್ತಿರುವವಳು ನಾನು. ಆ ಕೆಲಸ ಸಿಗುವ ಮೊದಲಿನ ವರ್ಷಗಳು ಮರೆತಿಲ್ಲ.

"ಓದು. ಆದರ ಜೋಡಿ ಇನ್ನೊಂದು ಕಲಿ. ಅನುವಾದಾನೋ, ಕಂಪ್ಯೂಟರಿನಾಗ ಕನ್ನಡದ ಕೆಲಸಾನೋ. ಮತ್ತ ಕೆಲಸ ಎಲ್ಲೆಲ್ಲಿ ಅದ ಅಂತ ಈಗಿಂದನ ಕೇಳ್ಕೋತ ಇರು. ನಾಚಬ್ಯಾಡ" ಎಂದೆ.

ಅವಳು ಚೀಲದಿಂದ ಒಂದು ನೋಟುಬುಕ್ಕು ತೆಗೆದಳು. "ಹೇಳ್ರಿ ಅತ್ಯಾ, ಬರಕೋತೀನಿ" ಎಂದಳು. ಅವಲಕ್ಕಿ ತಣ್ಣಗಾಗುವವರೆಗೆ ಇಬ್ಬರೂ ಕೂತು ಪಟ್ಟಿ ಮಾಡಿದೆವು.