ಲಸಿಕೆ ಹಾಕಿಸ್ಕೊಂಡ್ರೂ ಕೊರೊನಾ ಬಂತಲ್ಲ, ಮತ್ಯಾಕೆ ಬೇಕಿತ್ತು?

ಕೊಳ್ಳೇಗಾಲದಲ್ಲಿ ಟೀ ಅಂಗಡಿ ಮುಂದೆ ನಿಂತಾಗ ಕೊರೊನಾ ಮಾತು ಈಗಲೂ ಒಮ್ಮೊಮ್ಮೆ ಬರುತ್ತೆ. ಬಂದಾಗ ಒಬ್ಬರಾದ್ರೂ ಕೇಳೇ ಕೇಳ್ತಾರೆ: "ಎರಡು ಡೋಸ್ ಹಾಕಿಸ್ಕಂಡಿದ್ದೆ ಕಣಣ್ಣ, ಆದ್ರೂ ಬಂತಲ್ಲ? ಮತ್ಯಾಕೆ ಬೇಕಿತ್ತು ಆ ಸೂಜಿ?" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

2020ರ ಜೂನ್ ಆರಂಭದವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ. ಕರ್ನಾಟಕದಲ್ಲಿ ಸೋಂಕು ತಲುಪಿದ ಕೊನೆಯ ಜಿಲ್ಲೆ ನಮ್ಮದು. ಒಂದು ವರ್ಷದೊಳಗೆ ಎಲ್ಲ ತಲೆಕೆಳಗಾಯ್ತು. 2021ರ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗೀತು. ಬೆಳಗಾಗೋ ಹೊತ್ತಿಗೆ ಬಂದ ಲೆಕ್ಕ 24 ಸಾವು. ಆಮ್ಲಜನಕದ ಕೊರತೆಯೇ ಕಾರಣ ಅಂತ ಹೈಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ ಹೇಳಿತು. 18 ತುಂಬಿದ ಎಲ್ಲರಿಗೂ ಲಸಿಕೆ ಅಂತ ಕೇಂದ್ರ ಸರ್ಕಾರ ಬಾಗಿಲು ತೆರೆದಿದ್ದು ಅದರ ಹಿಂದಿನ ದಿನ, ಮೇ 1ಕ್ಕೆ.

ಈಗ ಎರಡು ದಿನದ ಲೆಕ್ಕ ಪಕ್ಕಪಕ್ಕ ಇಡೋಣ. 2021ರ ಮೇ 5: ರಾಜ್ಯದಲ್ಲಿ 50,112 ಹೊಸ ಕೇಸ್, 346 ಸಾವು. ಅದು ಡೆಲ್ಟಾ ಅಲೆ. 2022ರ ಜನವರಿ 23: 50,210 ಕೇಸ್, 19 ಸಾವು. ಇದು ಓಮಿಕ್ರಾನ್. ಸಾವಿನ ಲೆಕ್ಕ ಕೆಲವು ದಿನ ತಡವಾಗಿ ಏರುತ್ತೆ, ನಿಜ. ಆದ್ರೆ ಮುಂದಿನ ವಾರಗಳಲ್ಲೂ ವ್ಯತ್ಯಾಸ ದೊಡ್ಡದಾಗೇ ಉಳೀತು. ಓಮಿಕ್ರಾನ್ ಶ್ವಾಸಕೋಶಕ್ಕೆ ಸ್ವಲ್ಪ ಕಡಿಮೆ ಹಾನಿ ಮಾಡ್ತಿತ್ತು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮೈಯೊಳಗೇ ಇತ್ತು: ಟಿ ಜೀವಕೋಶ.

ನಮ್ಮ ರಕ್ಷಣೆಯಲ್ಲಿ ಎರಡು ಪಡೆ ಇವೆ. ಪ್ರತಿಕಾಯಗಳು ವೈರಸ್‌ನ ಹೊರಮೈಯನ್ನು ಹಿಡಿದು, ಅದು ಜೀವಕೋಶದೊಳಗೆ ನುಗ್ಗದಂತೆ ತಡೀತವೆ. ತಿಂಗಳು ಕಳೆದಂತೆ ಅವು ಕಡಿಮೆಯಾಗ್ತವೆ. ಓಮಿಕ್ರಾನ್‌ನ ಸ್ಪೈಕ್ ಪ್ರೋಟೀನ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ಇದ್ದಿದ್ರಿಂದ, ಉಳಿದಿದ್ದ ಪ್ರತಿಕಾಯಗಳಿಗೂ ಅದರ ಗುರುತು ಸರಿಯಾಗಿ ಸಿಗಲಿಲ್ಲ. ಅದಕ್ಕೇ ಲಸಿಕೆ ಹಾಕಿಸ್ಕೊಂಡವರಿಗೂ ಸೋಂಕು ಬಂತು.

ಟಿ ಜೀವಕೋಶದ ಕೆಲಸ ಬೇರೆ. ಸೋಂಕು ತಗುಲಿದ ಜೀವಕೋಶ ವೈರಸ್ಸಿನ ಪ್ರೋಟೀನನ್ನು ಚೂರುಚೂರು ಮಾಡಿ ಹೊರಗೆ ತೋರಿಸುತ್ತೆ. ಟಿ ಜೀವಕೋಶ ನೋಡೋದು ಆ ಚೂರುಗಳನ್ನ. ನಮ್ಮೂರ ರೇಷ್ಮೆ ಸೀರೆ ನೆನಪು ಮಾಡ್ಕೊಳ್ಳಿ. ಅಂಚಿನ ಬಣ್ಣ ಬದಲಾದ್ರೆ ನಮಗೆ ಬೇರೆ ಸೀರೆ ಅನ್ಸುತ್ತೆ. ನೇಯ್ದವರು ಒಡಲಿನ ಒಂದು ತುಂಡು ಮುಟ್ಟಿದ್ರೂ ಗುರುತು ಹಿಡೀತಾರೆ. ಹಾಗೆ. ದಕ್ಷಿಣ ಆಫ್ರಿಕಾದ ಸಂಶೋಧಕರು ಪರೀಕ್ಷಿಸಿದಾಗ, ಲಸಿಕೆಯಿಂದಲೋ ಹಳೇ ಸೋಂಕಿನಿಂದಲೋ ಬಂದಿದ್ದ ಟಿ ಜೀವಕೋಶಗಳ ಪ್ರತಿಕ್ರಿಯೆ ಓಮಿಕ್ರಾನ್ ವಿರುದ್ಧವೂ ಶೇ. 70ರಿಂದ 80ರಷ್ಟು ಉಳಿದಿತ್ತು. ಇವು ಸೋಂಕನ್ನು ಬಾಗಿಲಲ್ಲೇ ತಡೆಯಲ್ಲ. ಒಳಗೆ ಬಂದದ್ದು ಶ್ವಾಸಕೋಶ ಹಾಳುಮಾಡೋ ಮೊದಲು ಅಡಗಿಸೋಕೆ ನೆರವಾಗ್ತವೆ.

ಈ ನೆನಪು ಎಷ್ಟು ದಿನ ಇರುತ್ತೆ? 2003ರಲ್ಲಿ ಸಾರ್ಸ್ ಬಂದು ಗುಣವಾದ 23 ಜನರನ್ನ ಸಿಂಗಪುರದಲ್ಲಿ 17 ವರ್ಷ ಆದ್ಮೇಲೆ ಪರೀಕ್ಷಿಸಿದ್ರು. ಅವರ ಟಿ ಜೀವಕೋಶಗಳಿಗೆ ಆ ವೈರಸ್ ಇನ್ನೂ ನೆನಪಿತ್ತು. ಕೊರೊನಾಕ್ಕೂ ಅಷ್ಟೇ ವರ್ಷ ಅಂತ ಈಗಲೇ ಹೇಳೋಕಾಗಲ್ಲ, ಆದ್ರೆ ಇದು ಭರವಸೆಯ ಮಾತು.

"ಹಂಗಾದ್ರೆ ಕಾಯ್ಲೆ ಬಂದು ಹೋದ್ರೇ ಸಾಕಿತ್ತಲ್ಲ?" ಅಂತಲೂ ಕೇಳ್ತಾರೆ. ಸೋಂಕು ಕೂಡ ಟಿ ಜೀವಕೋಶಕ್ಕೆ ಪಾಠ ಕಲಿಸುತ್ತೆ, ಸುಳ್ಳಲ್ಲ. ಕೋವಿಶೀಲ್ಡ್ ತೋರಿಸೋದು ಸ್ಪೈಕ್ ಒಂದನ್ನೇ, ಸೋಂಕು ಇಡೀ ವೈರಸ್ಸನ್ನ ತೋರಿಸುತ್ತೆ. ಎರಡೂ ಆದವರ ರಕ್ಷಣೆ ಸಾಮಾನ್ಯವಾಗಿ ಹೆಚ್ಚು ಗಟ್ಟಿ. ಆದ್ರೆ ಆ ಪಾಠಕ್ಕೆ ಕೊಡೋ ಫೀಸು ಯಾವುದು? ಮೇ 2ರ ರಾತ್ರಿ ಹಾಸಿಗೆ ಮೇಲಿದ್ದವರ ಟಿ ಜೀವಕೋಶಗಳೂ ಕಲೀತಾನೇ ಇದ್ದವು. ಕಲಿಯೋಕೆ ಸಮಯ ಸಿಗಲಿಲ್ಲ.

ಲಸಿಕೆ ಕೊಟ್ಟಿದ್ದು ಆ ಸಮಯವನ್ನೇ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ಮೊದಮೊದಲು ಸೂಜಿಗೆ ಹೆದರಿದವರಿದ್ರು. ಅವರ ಮನೆ ಬಾಗಿಲಿಗೆ ನಡೆದುಹೋಗಿ ಮಾತಾಡಿಸಿದ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಹೊತ್ತುಕೊಂಡು ಹೋಗಿದ್ದೂ ಅದನ್ನೇ.

ಹಾಗಾಗಿ ಟೀ ಅಂಗಡಿಯ ಅಣ್ಣನಿಗೆ ನನ್ನ ಉತ್ತರ ಇಷ್ಟೇ: ಬಂತು ಅಣ್ಣ, ನಿಜ. ಬಂದ್ಮೇಲೂ ನೀವು ಇಲ್ಲಿ ನಿಂತು ಟೀ ಕುಡೀತಾ ಈ ಪ್ರಶ್ನೆ ಕೇಳ್ತಿದ್ದೀರಲ್ಲ, ಅದರಲ್ಲಿ ಆ ಸೂಜಿಯ ಪಾಲೂ ಇರಬಹುದು.