ಡಿಸ್ಕ್ ಶೆಡ್ಯೂಲಿಂಗ್ ಕ್ರಮವಿಧಿಗಳು

ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ನಡೆಯುವ ಹಲವು ಪ್ರೋಗ್ರಾಂಗಳು ಹಾರ್ಡ್ ಡಿಸ್ಕಿಗೆ ಸಲ್ಲಿಸುವ ಓದು-ಬರಹದ ಕೋರಿಕೆಗಳನ್ನು ಯಾವ ಸರದಿಯಲ್ಲಿ ಪೂರೈಸಬೇಕೆಂದು ಕಾರ್ಯಾಚರಣ ವ್ಯವಸ್ಥೆಯು ನಿರ್ಧರಿಸುವ ವಿಧಾನಗಳಿವು. ಡಿಸ್ಕಿನ ತಟ್ಟೆಯ ಮೇಲೆ ಮಾಹಿತಿಯು ಟ್ರ್ಯಾಕ್ ಎಂಬ ಏಕಕೇಂದ್ರೀಯ ವೃತ್ತಗಳಲ್ಲಿದ್ದು, ಅದನ್ನು ಓದಿ ಬರೆಯುವ ಹೆಡ್ ಬೇಕಾದ ಟ್ರ್ಯಾಕಿಗೆ ಸರಿಯಲು ಹಿಡಿಯುವ ಸಮಯಕ್ಕೆ ಸೀಕ್ ಸಮಯವೆಂದು ಹೆಸರು. ಈ ಓಡಾಟವನ್ನು ತಗ್ಗಿಸುವುದೇ ಶೆಡ್ಯೂಲಿಂಗ್‌ನ ಮೊದಲ ಗುರಿ.

0ರಿಂದ 199ರವರೆಗೆ ಟ್ರ್ಯಾಕ್‌ಗಳಿರುವ ಡಿಸ್ಕಿನಲ್ಲಿ ಹೆಡ್ 60ರಲ್ಲಿದ್ದು, 150, 20, 170, 55, 130, 70 ಎಂಬ ಕ್ರಮದಲ್ಲಿ ಕೋರಿಕೆಗಳು ಬಂದಿವೆಯೆಂದು ಇಟ್ಟುಕೊಳ್ಳಬಹುದು. ಬಂದ ಸರದಿಯಲ್ಲೇ ಪೂರೈಸುವ ಎಫ್‌ಸಿಎಫ್‌ಎಸ್ ವಿಧಾನದಲ್ಲಿ ಹೆಡ್ 620 ಟ್ರ್ಯಾಕ್ ಸರಿದಾಡಿದರೆ, ಪ್ರತಿ ಸಲವೂ ಅತಿ ಹತ್ತಿರದ್ದನ್ನು ಆರಿಸುವ ಎಸ್‌ಎಸ್‌ಟಿಎಫ್‌ನಲ್ಲಿ 220 ಸಾಕಾಗುತ್ತದೆ. ಆದರೆ ಕೊನೆಯ ಕೋರಿಕೆಯವರೆಗೆ ಒಂದೇ ದಿಕ್ಕಿನಲ್ಲಿ ಹೋಗಿ ಹಿಂದಿರುಗುವ ಲುಕ್ ವಿಧಾನವು ಕೆಳಮುಖವಾಗಿ ಹೊರಟರೆ 190ರಲ್ಲೇ ಮುಗಿಸುತ್ತದೆ. ಹತ್ತಿರದ್ದನ್ನೇ ಹಿಡಿಯುತ್ತ ಹೋದರೆ ಒಟ್ಟು ದಾರಿಯೂ ಕಿರಿದಾಗುತ್ತದೆಂಬ ನಂಬಿಕೆ ಹೀಗೆ ಸುಳ್ಳಾಗುತ್ತದೆ. ಅದೇ ಲುಕ್ ಮೇಲ್ಮುಖವಾಗಿ ಹೊರಟರೆ 260. ಅದೇ ದಿಕ್ಕಿನಲ್ಲಿ ಹೊರಟು ಡಿಸ್ಕಿನ ಅಂಚನ್ನು ಮುಟ್ಟಿಯೇ ತಿರುಗುವ ಸ್ಕ್ಯಾನ್‌ನಲ್ಲಿ 318.

ಒಟ್ಟು ದೂರಕ್ಕಿಂತಲೂ ಗಂಭೀರವಾದದ್ದು ಕಾಯುವಿಕೆಯ ಪ್ರಶ್ನೆ. ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತವಾದ ಮೇಲೆ ಬೀದರ್ ತಾಲೂಕು ಕಚೇರಿಯ ಕಿಟಕಿಯೆದುರು ಕಮಠಾಣದ ರೈತನೊಬ್ಬ ನಿಂತಿದ್ದಾನೆ, ಅವನ ಪಹಣಿ ಡಿಸ್ಕಿನ ಅಂಚಿನ ಟ್ರ್ಯಾಕಿನಲ್ಲಿದೆ ಎಂದು ಭಾವಿಸಿದರೆ, ನಡುವಿನ ಟ್ರ್ಯಾಕ್‌ಗಳಿಗೆ ಕೋರಿಕೆಗಳು ಎಡೆಬಿಡದೆ ಬರುತ್ತಿರುವವರೆಗೂ ಎಸ್‌ಎಸ್‌ಟಿಎಫ್ ಅವನತ್ತ ತಿರುಗದೇ ಇರಬಹುದು. ಸ್ಟಾರ್ವೇಶನ್ ಎಂದು ಕರೆಯಲಾಗುವ ಈ ದೋಷವನ್ನು ಸ್ಕ್ಯಾನ್ ಬಹುಮಟ್ಟಿಗೆ ನೀಗಿಸುತ್ತದೆ. ಒಂದೇ ದಿಕ್ಕಿನಲ್ಲಿ ಮಾತ್ರ ಪೂರೈಸಿ, ಬರಿಗೈಯಲ್ಲಿ ಆರಂಭಕ್ಕೆ ಮರಳುವ ಸಿ-ಸ್ಕ್ಯಾನ್, ಹೆಚ್ಚು ಸರಿದಾಡಿದರೂ, ಅಂಚಿಗೂ ನಡುವಿಗೂ ಇರುವ ತಾರತಮ್ಯವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಲಿನಕ್ಸ್‌ನ ಡೆಡ್‌ಲೈನ್ ವಿಧಾನವು ಟ್ರ್ಯಾಕ್‌ಗಳ ಕ್ರಮವನ್ನು ಪಾಲಿಸುತ್ತಲೇ ಪ್ರತಿ ಕೋರಿಕೆಗೂ ಗಡುವು ಹಾಕುತ್ತದೆ. ಪಹಣಿಯನ್ನು ಓದುವಾಗ ಎದುರಿಗೊಬ್ಬರು ಕಾದಿರುತ್ತಾರೆ, ಬರೆಯಬೇಕಾದ ಮ್ಯುಟೇಶನ್ ಮಾತ್ರ ಮೆಮೊರಿಯಲ್ಲಿ ಸ್ವಲ್ಪ ತಂಗಬಹುದು. ಇಂಥ ವ್ಯತ್ಯಾಸವನ್ನು ಮನ್ನಿಸಿಯೇ ಓದಿಗೆ 500 ಮಿಲಿಸೆಕೆಂಡು, ಬರಹಕ್ಕೆ 5 ಸೆಕೆಂಡು ಎಂಬ ಮೂಲ ಗಡುವುಗಳು ಅದರಲ್ಲಿವೆ. ಗಡುವು ಮೀರಿದ ಕೋರಿಕೆಗೆ ಆದ್ಯತೆ ದೊರೆಯುತ್ತದೆಯೇ ಹೊರತು ಆ ಕ್ಷಣದಲ್ಲೇ ಪೂರೈಕೆಯಾಗುವ ಖಾತರಿಯಿಲ್ಲ.

ಹೆಡ್ಡೇ ಇಲ್ಲದ ಎಸ್‌ಎಸ್‌ಡಿಗಳಲ್ಲಿ ಟ್ರ್ಯಾಕ್ ದೂರದ ಲೆಕ್ಕಕ್ಕೆ ಅರ್ಥವುಳಿದಿಲ್ಲ. ವೇಗದ ಎಸ್‌ಎಸ್‌ಡಿಗಳಿಗೆ ಲಿನಕ್ಸ್‌ನಲ್ಲಿ ಸರದಿಯನ್ನು ಬದಲಿಸದೆ ಕೋರಿಕೆಗಳನ್ನು ನೇರವಾಗಿ ಸಾಗಿಸುವ ಆಯ್ಕೆಯೂ ಇದೆ, 2019ರ 5.0 ಆವೃತ್ತಿಯಲ್ಲಿ ಸಿಎಫ್‌ಕ್ಯೂ ಸೇರಿದಂತೆ ಒಂಟಿ ಸರದಿಯ ಹಳೆಯ ಶೆಡ್ಯೂಲರ್‌ಗಳನ್ನು ಕೈಬಿಡಲಾಯಿತು.